ಅಂಚಿನ ತುಂಡು

ಮೂರು ವರ್ಷದ ಹುಡುಗನ ಗಡ್ಡೆ ಬೆಳೆದ ಕಿಡ್ನಿ ನಮ್ಮ ಮಂಗಳೂರಿನ ಲ್ಯಾಬಿಗೆ ಬಂದದ್ದು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಒತ್ತಿ ತುರುಕಿದ ಹಾಗೆ. ಕಳಿಸಿದ ಆಸ್ಪತ್ರೆಯ ಹೆಸರು ಬೇಡ. ಕೊಳೆಯದಂತೆ ತಡೆಯುವ ದ್ರವ ಫಾರ್ಮಲಿನ್, ಅದನ್ನು ಗಡ್ಡೆಯ ಹತ್ತು ಪಟ್ಟು ಹಾಕಬೇಕು. ಡಬ್ಬಿಯಲ್ಲಿ ಇದ್ದದ್ದು ತಳ ಒದ್ದೆಯಾಗುವಷ್ಟು. ಫಾರ್ಮಲಿನ್ ಒಳಗಿಳಿಯುವುದು ಗಂಟೆಗೆ ಹೆಚ್ಚುಕಡಿಮೆ 1 ಮಿಲಿಮೀಟರ್. "ಮೇಡಂ, ಮಧ್ಯ ಎಲ್ಲ ಮೆತ್ತಗುಂಟು, ಕಟ್ ಮಾಡ್ಲಿಕ್ಕೆ ಸಿಕ್ಕುದಿಲ್ಲ" ಎಂದ ಟೆಕ್ನಿಷಿಯನ್.

ತೂಗಿ, ಹೊರಮೈಗೆ ಶಾಯಿ ಬಳಿದು ಸೀಳಿದೆ. ಬೂದುಬಣ್ಣದ ಒಂದೇ ಉಂಡೆ, ಲೋಳೆಯ ಹೊಳಪು. ಅವಸರದಲ್ಲಿ ಹೆಚ್ಚಿನ ತುಂಡುಗಳನ್ನು ನಡುವಿನಿಂದಲೇ ತೆಗೆದೆ. ತಪ್ಪಾದದ್ದು ಅಲ್ಲೇ. ಸ್ಲೈಡಿನಲ್ಲಿ ಅರೆಕೊಳೆತ ಕೋಶಗಳ ರಾಶಿ. ಮಕ್ಕಳ ಕಿಡ್ನಿ ಗಡ್ಡೆ ಎಂದರೆ ಬಹುಪಾಲು ವಿಲ್ಮ್ಸ್ ಎಂಬ ಕ್ಯಾನ್ಸರ್, ಹಾಗಾಗಿ ಸರ್ಜನ್‌ಗೆ ಫೋನಿನಲ್ಲಿ ಅದನ್ನೇ ಅಂದೆ.

ಸಂಜೆ ಅಂಚಿನಿಂದ ತೆಗೆದಿದ್ದ ಒಂದೇ ಒಂದು ಬ್ಲಾಕಿನ (ಮೇಣದಲ್ಲಿ ಹುದುಗಿಸಿದ ತುಂಡಿನ) ಸ್ಲೈಡ್ ಇಟ್ಟೆ. ಬರಿಗಣ್ಣಿಗೆ ಗಡ್ಡೆಗೂ ಕಿಡ್ನಿಗೂ ನಡುವೆ ನೀಟಾದ ಗೆರೆ ಕಂಡಿತ್ತು. ಮೈಕ್ರೋಸ್ಕೋಪಿನಲ್ಲಿ ಆ ಗೆರೆಯೇ ಇಲ್ಲ. ಗಡ್ಡೆಯ ಕೋಶಗಳು ಕಿಡ್ನಿಯ ನಾಳಿಕೆಗಳ ನಡುವೆ ನುಸುಳಿ, ಒಂದೊಂದನ್ನೇ ಸುತ್ತುಗಟ್ಟಿ ನಿಂತಿದ್ದವು. ವಿಲ್ಮ್ಸ್ ಸಾಮಾನ್ಯವಾಗಿ ಕಿಡ್ನಿಯನ್ನು ಆಚೆ ತಳ್ಳಿಕೊಂಡು ಬೆಳೆಯುತ್ತದೆ, ಹೀಗೆ ಒಳನುಗ್ಗುವುದಿಲ್ಲ. ಇನ್ನೂ ಹತ್ತಿರದಿಂದ ನೋಡಿದರೆ ಸಪೂರ ರಕ್ತನಾಳಗಳು ಕವಲೊಡೆದು ಬಲೆ ಹೆಣೆದಿವೆ, ಒಂದೊಂದು ಕಣ್ಣಿಗೂ ಹಿಡಿಯಷ್ಟು ಕೋಶಗಳು. ಮಂಕು ನ್ಯೂಕ್ಲಿಯಸ್, ಒಳಗೆ ಹಿಟ್ಟು ಉದುರಿಸಿದಂತೆ ನಯವಾದ ಕ್ರೊಮ್ಯಾಟಿನ್, ಅಂದರೆ ಡಿಎನ್‌ಎ ಇರುವ ವಸ್ತು. ಇದು ಬೇರೆಯದೇ ಕ್ಯಾನ್ಸರ್, ಕ್ಲಿಯರ್ ಸೆಲ್ ಸಾರ್ಕೋಮ. ಮಕ್ಕಳ ಕಿಡ್ನಿ ಗಡ್ಡೆಗಳಲ್ಲಿ ನೂರಕ್ಕೆ ಮೂರೋ ನಾಲ್ಕೋ. ಹೆಸರಿಗೆ ಮಾತ್ರ ಕ್ಲಿಯರ್. ಎಷ್ಟೋ ಸಲ ಕೋಶಗಳು ಹಾಗೇನೂ ತಿಳಿಯಾಗಿರುವುದಿಲ್ಲ.

ಮರುದಿನ ಅಂಚಿನುದ್ದಕ್ಕೂ ಮತ್ತೆ ತುಂಡು ತೆಗೆದು, ಕೋಶದ ಪ್ರೋಟೀನುಗಳನ್ನು ಬಣ್ಣದಿಂದ ತೋರಿಸುವ ಸ್ಟೇನ್ ಹಾಕಿಸಿದೆ. ವಿಲ್ಮ್ಸ್‌ನಲ್ಲಿ ಸಾಮಾನ್ಯವಾಗಿ ಹತ್ತುವ ಡಬ್ಲ್ಯುಟಿ1, ಕೆರಾಟಿನ್ ಎರಡೂ ನೆಗೆಟಿವ್. ಐಎನ್‌ಐ1 ಉಳಿದುಕೊಂಡಿತ್ತು, ಹಾಗಾಗಿ ಅದು ಇಲ್ಲದಾಗುವ ರ‍್ಯಾಬ್ಡಾಯ್ಡ್ ಎಂಬ ಇನ್ನೊಂದು ಗಡ್ಡೆಯಲ್ಲ. ಈ ಸಾರ್ಕೋಮದಲ್ಲಿ ಹತ್ತುವ ಸೈಕ್ಲಿನ್ ಡಿ1 ಗಾಢವಾಗಿ ಹತ್ತಿತು. ಈ ಬಗೆಯ ಗಡ್ಡೆಗಳ ಬಹುಪಾಲಿನಲ್ಲಿ ಬಿಕಾರ್ ಜೀನಿನ ಒಂದು ತುಣುಕು ಇಮ್ಮಡಿಯಾಗಿರುತ್ತದೆ ಎಂದು 2015ರಲ್ಲಿ ಗೊತ್ತಾಯಿತು. ಬಿಕಾರ್ ಸ್ಟೇನ್ ನಮ್ಮಲ್ಲಿಲ್ಲ. ಬ್ಲಾಕನ್ನು ಹೊರಗೆ ಕಳಿಸಿದೆವು, ಪಾಸಿಟಿವ್ ಬಂತು.

ಅದಕ್ಕೂ ಮೊದಲೇ ಸರ್ಜನ್‌ಗೆ ಎರಡನೇ ಸಲ ಫೋನ್ ಮಾಡಿದ್ದೆ. "ನಿನ್ನೆ ಹೇಳಿದ್ದನ್ನು ಬಿಟ್ಟುಬಿಡಿ ಸರ್" ಎನ್ನುವಾಗ ಬಾಯಿ ಒಣಗಿತ್ತು. ಈ ಗಡ್ಡೆ ಎಲುಬಿಗೆ ಹೋಗುತ್ತದೆ, ಮಿದುಳಿಗೂ. ಹುಡುಗನಿಗೆ ಬೋನ್ ಸ್ಕ್ಯಾನ್, ತಲೆಯ ಎಂಆರ್‌ಐ ಆಯಿತು. ಔಷಧಿಯ ಪಟ್ಟಿಗೆ ಡಾಕ್ಸೊರುಬಿಸಿನ್ ಎಂಬ ಕೀಮೋ ಔಷಧಿ ಸೇರಿತು.

ಆ ಆಸ್ಪತ್ರೆಗೆ ಈಗ ಐದು ಲೀಟರಿನ ಬಕೆಟನ್ನು ನಾವೇ ಕಳಿಸುತ್ತೇವೆ. ಮೊನ್ನೆ ವಾಪಸ್ ಬಂದಾಗ ಫಾರ್ಮಲಿನ್ ಮಾತ್ರ ಮತ್ತೆ ಅರ್ಧಕ್ಕೇ ಇತ್ತು.