ಎಫ್‌ಐಆರ್ ಫಿಲ್ಟರನ್ನು ಮಡಕೆಯಂತೆ ತಟ್ಟಿ ನೋಡಿದ್ದು

ಎಂಜಿನಿಯರಿಂಗ್ ಓದುವಾಗ ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್) ಪರೀಕ್ಷೆಗೆ ಎಫ್‌ಐಆರ್ ಫಿಲ್ಟರಿನ (ಫೈನೈಟ್ ಇಂಪಲ್ಸ್ ರೆಸ್ಪಾನ್ಸ್, ಅಂಕಿಗಳ ಸಾಲಾಗಿ ಬರುವ ಸಿಗ್ನಲ್ಲಿನಿಂದ ಬೇಡದ್ದನ್ನು ಸೋಸುವ ಲೆಕ್ಕ) ಸೂತ್ರವನ್ನು ಬಾಯಿಪಾಠ ಮಾಡಿ ಬರೆದಿದ್ದೆ. ಒಳ್ಳೆಯ ಅಂಕವೂ ಬಂತು. ಕನ್ವಲ್ಯೂಷನ್ ಎಂದರೆ ಒಂದು ಸಾಲನ್ನು ತಿರುಗಿಸು, ಜರುಗಿಸು, ಗುಣಿಸು, ಕೂಡು ಎಂಬಷ್ಟು ತಲೆಯಲ್ಲಿತ್ತು. ಬರೀ ಗುಣಿಸಿ ಕೂಡಿದರೆ ಬೇಡದ ಸದ್ದು ಅದು ಹೇಗೆ ಮಾಯವಾಗುತ್ತದೆ ಎಂದು ಯಾರಾದರೂ ಕೇಳಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ಕೆಲಸಕ್ಕೆ ಸೇರಿ ಮೂರು ವರ್ಷವಾದ ಮೇಲೆ, ಮೈಸೂರಿನ ಬಾಡಿಗೆ ರೂಮಿನಲ್ಲಿ, ನನ್ನದೇ ಎದೆಬಡಿತವನ್ನು ಪರದೆಯ ಮೇಲೆ ನೋಡಬೇಕೆಂದು ಕೂತಾಗ.

ಆರ್ಡಿನೋ ಊನೋ ಎಂಬ, ಪ್ರೋಗ್ರಾಂ ಹಾಕಿ ನಡೆಸುವ ಒಂದು ಸಣ್ಣ ಬೋರ್ಡು, ಒಂದು ಸಣ್ಣ ಇಸಿಜಿ ಸೆನ್ಸರು, ಎದೆಗೆ ಅಂಟಿಸುವ ಮೂರು ಎಲೆಕ್ಟ್ರೋಡು. ಇಷ್ಟೇ ಸಾಮಾನು. (ಮೈಗೆ ಎಲೆಕ್ಟ್ರೋಡ್ ಅಂಟಿಸಿಕೊಂಡಿರುವಾಗ ಲ್ಯಾಪ್‌ಟಾಪಿನ ಚಾರ್ಜರ್ ಗೋಡೆಯ ಪ್ಲಗ್ಗಿನಲ್ಲಿ ಇರಲೇಬಾರದು, ಬ್ಯಾಟರಿಯಲ್ಲೇ ನಡೆಸಬೇಕು. ಇದನ್ನು ಮಾಡಿ ನೋಡುವವರಿಗೆ ಮೊದಲು ಹೇಳಬೇಕಾದ ಮಾತು ಇದೇ.) ಗ್ರಾಫ್ ಬಂತು, ಆದರೆ ಎದೆಬಡಿತದ ಗೆರೆಯ ಮೇಲೆಲ್ಲ ಗರಗಸದ ಹಲ್ಲಿನಂಥ ನಡುಕ. ಬ್ಯಾಟರಿಯಲ್ಲಿ ಓಡುತ್ತಿದ್ದರೂ ಗೋಡೆಯೊಳಗಿನ ವೈರಿನಿಂದ, ಟ್ಯೂಬ್‌ಲೈಟಿನಿಂದ 50 ಹರ್ಟ್ಸ್ ಕರೆಂಟಿನ ಗುಂಗು ನಮ್ಮ ಮೈಗೆ ಹತ್ತಿಕೊಳ್ಳುತ್ತದೆ. ಹೃದಯದ ಸಿಗ್ನಲ್ ಒಂದು ಮಿಲಿವೋಲ್ಟಿನ ಆಸುಪಾಸಿನದು. ಅದರ ಮುಂದೆ ಈ ಗುಂಗು ಸಣ್ಣದಲ್ಲ.

ಆಫೀಸಿನಲ್ಲಿ ನನಗಿಂತ ಹಿರಿಯರೊಬ್ಬರಿದ್ದರು. ಅವರಿಗೆ ಗ್ರಾಫ್ ತೋರಿಸಿ, ಯಾವ ಫಿಲ್ಟರ್ ಹಾಕಲಿ ಸರ್ ಎಂದೆ. ಅವರು ಫಿಲ್ಟರಿನ ಹೆಸರು ಹೇಳಲಿಲ್ಲ. "ಮಡಕೆ ತಗೊಳ್ಳೋವಾಗ ಏನ್ ಮಾಡ್ತೀಯಪ್ಪಾ?" ಎಂದರು. ಬೆರಳಲ್ಲಿ ತಟ್ಟಿ ನೋಡ್ತೀವಿ ಸರ್ ಎಂದೆ. "ಹಾಗೇ ತಟ್ಟಿ ನೋಡು. ಒಂದೇ ಒಂದು ಅಂಕಿ ಹಾಕು, ಮಿಕ್ಕಿದ್ದೆಲ್ಲ ಸೊನ್ನೆ. ಪೇಪರ್ ಮೇಲೆ ಮಾಡು, ಕಂಪ್ಯೂಟರ್ ಮುಟ್ಬೇಡ."

ಅವತ್ತು ರಾತ್ರಿ ನೋಟ್‌ಬುಕ್ಕಿನಲ್ಲಿ ಮಾಡಿದೆ. ಐದು ಗುಣಾಂಕಗಳ ಫಿಲ್ಟರ್: 1, 2, 3, 2, 1, ಕೂಡಿದ್ದನ್ನು 9ರಿಂದ ಭಾಗಿಸುವುದು. ಈಗ ಬಂದ ಸ್ಯಾಂಪಲ್ಲಿಗೆ (ಸಿಗ್ನಲ್ಲನ್ನು ಒಂದು ಕ್ಷಣದಲ್ಲಿ ಅಳೆದ ಅಂಕಿಗೆ) 1, ಅದರ ಹಿಂದಿನದಕ್ಕೆ 2, ಅದರ ಹಿಂದಿನದಕ್ಕೆ 3, ಹೀಗೆ ತೂಕ ಹಾಕಿ ಕೂಡುತ್ತಾ ಹೋಗಬೇಕು. ಒಳಗೆ ಕೊಟ್ಟದ್ದು 0, 0, 9, 0, 0, 0, 0, 0. ಹೊರಗೆ ಬಂದದ್ದು 0, 0, 1, 2, 3, 2, 1, 0. ನಾನು ಬರೆದ ಗುಣಾಂಕಗಳೇ ಒಂದೊಂದಾಗಿ ಹೊರಗೆ ನಡೆದು ಬಂದವು! 9 ಎಂಬ ಆ ಒಂದು ಅಂಕಿ ಐದು ಮನೆ ದಾಟುವಾಗ ಪ್ರತಿ ಮನೆಯ ತೂಕವನ್ನು ತೋರಿಸಿ ಹೋಯಿತು, ಐದನೆಯದು ಮುಗಿದ ಮೇಲೆ ಮೌನ. ಮಡಕೆಯನ್ನು ತಟ್ಟಿದಾಗ ಬರುವ ಸದ್ದು ಇದು. ಇಂಪಲ್ಸ್ ರೆಸ್ಪಾನ್ಸ್ ಎಂದು ಪರೀಕ್ಷೆಯಲ್ಲಿ ಬರೆದದ್ದು ಇದನ್ನೇ. ಅದು ಐದು ಹೆಜ್ಜೆಯಲ್ಲಿ ಮುಗಿದುಹೋಗುತ್ತದೆ, ಆದ್ದರಿಂದ ಫೈನೈಟ್. ಹೊರಗೆ ಬಂದದ್ದನ್ನು ಮತ್ತೆ ಒಳಗೆ ಸೇರಿಸುವ ಐಐಆರ್ (ಇನ್‌ಫೈನೈಟ್ ಇಂಪಲ್ಸ್ ರೆಸ್ಪಾನ್ಸ್) ಫಿಲ್ಟರಿನಲ್ಲಿ ಸದ್ದು ಕ್ಷೀಣಿಸುತ್ತದೆಯೇ ಹೊರತು ಲೆಕ್ಕದ ಪ್ರಕಾರ ಎಂದೂ ಪೂರ್ತಿ ನಿಲ್ಲುವುದಿಲ್ಲ.

ಆಮೇಲೆ ಎರಡು 9ಗಳನ್ನು ಅಕ್ಕಪಕ್ಕ ಹಾಕಿದೆ. ಬಂದದ್ದು 1, 3, 5, 5, 3, 1. ಮೊದಲ 9ರ ಸಾಲು 1, 2, 3, 2, 1, ಒಂದು ಮನೆ ತಡವಾಗಿ ಹೊರಟ ಎರಡನೆಯದರ ಸಾಲೂ ಅದೇ, ಎರಡನ್ನೂ ಕೂಡಿದರೆ ಇದು. ಎಂಥ ಸಿಗ್ನಲ್ಲೇ ಆಗಲಿ, ಅದು ಹೀಗೆ ಒಂದರ ಹಿಂದೆ ಒಂದು ಬೀಳುವ ತಟ್ಟುಗಳ ಸಾಲು. ಪ್ರತಿ ತಟ್ಟೂ ತನ್ನ ಸದ್ದನ್ನು ಹೊರಡಿಸುತ್ತದೆ, ಎಲ್ಲ ಸದ್ದೂ ಒಂದರ ಮೇಲೊಂದು ಸೇರಿಕೊಳ್ಳುತ್ತವೆ. ಕನ್ವಲ್ಯೂಷನ್ ಅಂದರೆ ಇಷ್ಟೇ. ತಿರುಗಿಸುವುದು ಏಕೆಂದರೆ ಮೊದಲು ಬಂದ ಸ್ಯಾಂಪಲ್ ಈಗ ಹಿಂದಿನ ಮನೆಯಲ್ಲಿದೆ, ಬೇರೆ ಗುಟ್ಟೇನೂ ಇಲ್ಲ. ಆ ಪುಟವನ್ನು ಹರಿದು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಈಗ 50 ಹರ್ಟ್ಸಿನ ಕಡೆಗೆ. ಸೆಕೆಂಡಿಗೆ 500 ಸ್ಯಾಂಪಲ್ ತೆಗೆದರೆ 50 ಹರ್ಟ್ಸಿನ ಒಂದು ಪೂರ್ತಿ ಅಲೆ ಸರಿಯಾಗಿ 10 ಸ್ಯಾಂಪಲ್ಲಿನಲ್ಲಿ ಮುಗಿಯುತ್ತದೆ. ಅಲೆಯ ಅರ್ಧ ಮೇಲೆ, ಅರ್ಧ ಕೆಳಗೆ. ಹತ್ತನ್ನೂ ಕೂಡಿದರೆ ಏರಿದ್ದಷ್ಟೂ ಇಳಿದದ್ದರಲ್ಲಿ ವಜಾ ಆಗಿ ಸೊನ್ನೆ. ಅಂದರೆ ಕೊನೆಯ ಹತ್ತು ಸ್ಯಾಂಪಲ್ಲಿನ ಸರಾಸರಿ ತೆಗೆಯುವುದೇ 50 ಹರ್ಟ್ಸನ್ನು ಅಳಿಸುವ ಎಫ್‌ಐಆರ್ ಫಿಲ್ಟರ್. ಹತ್ತು ಗುಣಾಂಕ, ಎಲ್ಲವೂ 0.1. ಗುಣಿಸಿ ಕೂಡಿದರೆ ಸದ್ದು ಹೇಗೆ ಹೋಗುತ್ತದೆ ಎಂಬ ಹಳೆಯ ಪ್ರಶ್ನೆಗೆ ಉತ್ತರ ಇಷ್ಟು ಹತ್ತಿರದಲ್ಲಿತ್ತು.

ಕೋಡ್ ಬರೆದು ಓಡಿಸಿದೆ. ನಡುಕ ಕಡಿಮೆಯಾಯಿತು, ಹೋಗಲಿಲ್ಲ. ಒಂದು ವಾರ ಫಿಲ್ಟರನ್ನೇ ಅನುಮಾನಿಸಿದೆ. ತಪ್ಪು ಇದ್ದದ್ದು ಸ್ಯಾಂಪಲ್ ತೆಗೆಯುವ ಕಡೆ. ಲೂಪಿನಲ್ಲಿ ಎರಡು ಮಿಲಿಸೆಕೆಂಡ್ ಕಾಯುವಂತೆ ಬರೆದು, 500 ಆಯಿತು ಅಂದುಕೊಂಡಿದ್ದೆ. ಆದರೆ ಪಿನ್ನಿನಿಂದ ವೋಲ್ಟೇಜ್ ಓದುವುದಕ್ಕೇ ಈ ಬೋರ್ಡಿನಲ್ಲಿ 0.1 ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು, ಉಳಿದ ಕೆಲಸಕ್ಕೆ ಇನ್ನಷ್ಟು. ಅಳೆದು ನೋಡಿದರೆ ಸೆಕೆಂಡಿಗೆ ಬರುತ್ತಿದ್ದದ್ದು ಸುಮಾರು 460 ಸ್ಯಾಂಪಲ್. ಆಗ ಹತ್ತರ ಸರಾಸರಿ ಅಳಿಸುವುದು 46 ಹರ್ಟ್ಸನ್ನು. 50 ಹರ್ಟ್ಸಿನದು ನೂರಕ್ಕೆ 8ರಷ್ಟು ಉಳಿದುಬಿಡುತ್ತದೆ. ಕಾಯುವುದನ್ನು ಬಿಟ್ಟು, ಬೋರ್ಡಿನ ಗಡಿಯಾರವೇ ಸರಿಯಾದ ಹೊತ್ತಿಗೆ ಎಬ್ಬಿಸುವ ಟೈಮರ್ ಇಂಟರಪ್ಟಿನಲ್ಲಿ ಸ್ಯಾಂಪಲ್ ತೆಗೆದೆ. ಗೆರೆ ನೂಲು ಹಿಡಿದಂತೆ ನೆಟ್ಟಗಾಯಿತು. ಫಿಲ್ಟರಿಗೆ ಹರ್ಟ್ಸ್ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಸ್ಯಾಂಪಲ್ಲಿನ ಎಣಿಕೆ ಮಾತ್ರ. ನಾನು ಈಗ ಯಾರ ಕೋಡನ್ನು ನೋಡಿದರೂ ಮೊದಲು ಹುಡುಕುವುದು ಸ್ಯಾಂಪಲ್ಲಿಂಗ್ ಎಲ್ಲಿಂದ ನಡೆಯುತ್ತಿದೆ ಎಂಬುದನ್ನೇ.

ಸರಾಸರಿಯಿಂದ ಇನ್ನೊಂದು ತೊಂದರೆ ಇತ್ತು. ಎದೆಬಡಿತದ ಚೂಪಾದ ಆರ್ ಶಿಖರ ಮುಕ್ಕಾಲಿಗೆ ಇಳಿದಿತ್ತು. ಹತ್ತರ ಸರಾಸರಿ 50ನ್ನು ಅಳಿಸುವುದಲ್ಲದೆ 25 ಹರ್ಟ್ಸಿನದನ್ನೂ 0.64ಕ್ಕೆ ತಗ್ಗಿಸುತ್ತದೆ. ನನಗೆ ಬೇಕಿದ್ದದ್ದು 40ರವರೆಗೆ ಆದಷ್ಟೂ ಬಿಟ್ಟು, 50 ಬರುವಷ್ಟರಲ್ಲಿ ಬಾಗಿಲು ಹಾಕುವಂಥದ್ದು. ಅದಕ್ಕೆ ಗುಣಾಂಕಗಳು ಸಿಂಕ್ (sinc) ಎಂಬ, ನಡುವೆ ಎತ್ತರವಾಗಿ ಎರಡೂ ಬದಿಗೆ ಅಲೆಯಾಗಿ ಕ್ಷೀಣಿಸುವ ಆಕಾರದಲ್ಲಿರಬೇಕು: ನಡುವಿನದು 0.16, ಅದರ ಎರಡೂ ಪಕ್ಕಕ್ಕೆ 0.153, ಆಮೇಲೆ 0.134, 0.106, ಹೀಗೆ ಇಳಿಯುತ್ತಾ ಏಳನೆಯ ಮನೆಗೆ ಮೈನಸ್ 0.017. ತೂಕ ಹಾಕಿ ಸರಾಸರಿ ತೆಗೆಯುತ್ತಿದ್ದೇನೆ ಅಂದುಕೊಂಡವನಿಗೆ ಮೈನಸ್ ತೂಕ ಮೊದಲು ಒಪ್ಪಿಗೆಯಾಗಲಿಲ್ಲ. ಆದರೆ ಬಾಗಿಲನ್ನು ಚೂಪಾಗಿ ಹಾಕುವುದು ಆ ಮೈನಸ್ಸುಗಳೇ. ಹತ್ತಿರದವರನ್ನು ಕೂಡಿ ದೂರದವರನ್ನು ಸ್ವಲ್ಪ ಕಳೆದಾಗ, ಬರೀ ಸರಾಸರಿ ಅಳಿಸಿಬಿಡುವ ಏರಿಳಿತ ಮತ್ತೆ ಎದ್ದು ನಿಲ್ಲುತ್ತದೆ.

ಸಿಂಕ್ ಎರಡೂ ಕಡೆ ಕೊನೆಯಿಲ್ಲದೆ ಹೋಗುತ್ತದೆ. ಎಲ್ಲಾದರೂ ಕತ್ತರಿಸಲೇಬೇಕು. 101 ಗುಣಾಂಕಕ್ಕೆ (ಫಿಲ್ಟರಿನ ಭಾಷೆಯಲ್ಲಿ ಟ್ಯಾಪ್) ನೇರವಾಗಿ ಕತ್ತರಿಸಿದೆ. ಬಾಗಿಲು ಚೂಪಾಗಿ ಮುಚ್ಚಿತು, ಆದರೆ ಸಂದಿಯಿಂದ ಸೋರಿಕೆ: ತಡೆಯಬೇಕಾದ ಕಡೆ ಹನ್ನೊಂದರಲ್ಲಿ ಒಂದು ಪಾಲಿನವರೆಗೂ ಒಳಗೆ ಬರಬಹುದು. ಟ್ಯಾಪ್ ಎಷ್ಟು ಹೆಚ್ಚಿಸಿದರೂ ಈ ಸೋರಿಕೆಯ ಮೊದಲ ಉಬ್ಬು ತಗ್ಗುವುದಿಲ್ಲ. ಅದಕ್ಕೆ ಮದ್ದು, ತುದಿಗಳನ್ನು ಮೆಲ್ಲಗೆ ಇಳಿಸುವುದು. ರಿಚರ್ಡ್ ಹ್ಯಾಮಿಂಗ್ ಅವರ ಹೆಸರಿನ ವಿಂಡೋ (ತಪ್ಪು ತಿದ್ದುವ ಹ್ಯಾಮಿಂಗ್ ಕೋಡ್ ಕೊಟ್ಟವರೂ ಇವರೇ) ನಡುವಿನ ಗುಣಾಂಕವನ್ನು ಹಾಗೇ ಬಿಟ್ಟು, ತುದಿಗೆ ಹೋಗುವಷ್ಟರಲ್ಲಿ 0.08ರಿಂದ ಗುಣಿಸುತ್ತದೆ. ಸೋರಿಕೆ 53 ಡೆಸಿಬಲ್ ಕೆಳಗೆ, ಅಂದರೆ ಸುಮಾರು 450ರಲ್ಲಿ ಒಂದು ಪಾಲಿಗೆ ಇಳಿಯಿತು. ಅದಕ್ಕೆ ತೆತ್ತ ಬೆಲೆ, ಬಾಗಿಲು ಮುಚ್ಚಲು ಹೆಚ್ಚು ಜಾಗ. 500 ಸ್ಯಾಂಪಲ್, 101 ಟ್ಯಾಪ್ ಇದ್ದರೆ ಸುಮಾರು 16 ಹರ್ಟ್ಸ್, ನನ್ನ ಲೆಕ್ಕದಲ್ಲಿ 32ರಿಂದ 48. 50 ಹೊರಗೇ ಉಳಿಯಿತು. ಆರ್ ಶಿಖರ ನೂರಕ್ಕೆ 90ರಷ್ಟು ಉಳಿಯಿತು. ಆಮೇಲೆ ಪಾರ್ಕ್ಸ್ ಮತ್ತು ಮೆಕ್‌ಕ್ಲೆಲನ್ 1972ರಲ್ಲಿ ಪ್ರಕಟಿಸಿದ, ಗುಣಾಂಕಗಳನ್ನು ಕಂಪ್ಯೂಟರೇ ಹುಡುಕಿ ಕೊಡುವ ವಿಧಾನದಿಂದಲೂ ಮಾಡಿದೆ, ಇದೇ ಕೆಲಸಕ್ಕೆ ಎಂಬತ್ತು ಚಿಲ್ಲರೆ ಟ್ಯಾಪ್ ಸಾಕಾಗುತ್ತದೆ. ಆದರೆ ಕೈಯಲ್ಲಿ ಲೆಕ್ಕ ಮಾಡಿ ಅರ್ಥಮಾಡಿಕೊಳ್ಳುವವರಿಗೆ ವಿಂಡೋ ದಾರಿಯೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಬೋರ್ಡಿಗೆ ಹಾಕಲು ಗುಣಾಂಕಗಳನ್ನು 32768ರಿಂದ ಗುಣಿಸಿ ಪೂರ್ಣಾಂಕ ಮಾಡಿದೆ. ನಡುವಿನದು 5243 ಆಯಿತು. ಓಡಿಸಿದರೆ ಗ್ರಾಫ್ ಚಿಂದಿ ಚಿಂದಿ. ಆಗ ಮತ್ತೆ ಮಡಕೆ ತಟ್ಟಿದೆ. ಸೆನ್ಸರನ್ನು ಕಳಚಿ, ಕೋಡಿನಲ್ಲೇ ಒಂದು 1, ಮಿಕ್ಕದ್ದೆಲ್ಲ ಸೊನ್ನೆ ಕೊಟ್ಟೆ. ಗುಣಾಂಕಗಳು ಒಂದೂ ತಪ್ಪದೆ ಸಾಲಾಗಿ ಬಂದವು. 1ರ ಬದಲು 6 ಕೊಟ್ಟೆ, ನಡುವೆ 31458, ಸರಿ. 7 ಕೊಟ್ಟೆ, 36701 ಬರಬೇಕಾದಲ್ಲಿ ಮೈನಸ್ 28835! ಊನೋದಲ್ಲಿ ಇಂಟ್ ಎಂಬ ಪೂರ್ಣಾಂಕದ ಬಗೆ 16 ಬಿಟ್ಟಿನದು, 32767 ದಾಟಿದರೆ ಮಗುಚಿಕೊಳ್ಳುತ್ತದೆ. ಮೊತ್ತವನ್ನು ಇನ್ನೂ ದೊಡ್ಡ ಅಂಕಿ ಹಿಡಿಯುವ ಲಾಂಗ್ ಆಗಿ ಇಟ್ಟಿದ್ದೆ ನಿಜ, ಆದರೆ ಎರಡು ಇಂಟ್‌ಗಳ ಗುಣಾಕಾರ ಆ ಮೊತ್ತಕ್ಕೆ ಸೇರುವ ಮೊದಲೇ ಮಗುಚಿರುತ್ತಿತ್ತು. ಗುಣಿಸುವ ಮೊದಲೇ ಒಂದನ್ನು ಲಾಂಗ್ ಮಾಡಿದೆ, ಸರಿಹೋಯಿತು. ಎದೆಬಡಿತದ ಗ್ರಾಫನ್ನೇ ದಿಟ್ಟಿಸುತ್ತಾ ಕೂತಿದ್ದರೆ ಈ ತಪ್ಪು ನನಗೆ ಕಾಣುತ್ತಿರಲಿಲ್ಲ.

ಎಫ್‌ಐಆರ್ ಮೇಲೆ ನನಗೆ ನಿಜವಾದ ಪ್ರೀತಿ ಹುಟ್ಟಿದ್ದು ತಡದ ಲೆಕ್ಕ ನೋಡಿದಾಗ. ಮೂಲ ಗ್ರಾಫಿನಲ್ಲಿ ಒಂದು ಆರ್ ಶಿಖರ 212ನೇ ಸ್ಯಾಂಪಲ್ಲಿನಲ್ಲಿತ್ತು. ಫಿಲ್ಟರಿನಿಂದ ಬಂದದ್ದರಲ್ಲಿ 262ರಲ್ಲಿ. ಮುಂದಿನ ಶಿಖರಕ್ಕೂ ಅಷ್ಟೇ, ಸರಿಯಾಗಿ 50 ಸ್ಯಾಂಪಲ್ ತಡ, 100 ಮಿಲಿಸೆಕೆಂಡ್. 101 ಗುಣಾಂಕಗಳು ನಡುವಿನಿಂದ ಎರಡೂ ಕಡೆ ಒಂದೇ ಸಮ ಇರುವುದರಿಂದ ನಿಧಾನದ ಅಲೆಗೂ ಚುರುಕು ಅಲೆಗೂ ಒಂದೇ ತಡ. ಮೂಲ ಗೆರೆಯನ್ನು 50 ಸ್ಯಾಂಪಲ್ ಜರುಗಿಸಿ ಒಂದರ ಮೇಲೊಂದು ಎಳೆದೆ. ಒಂದು ಬಡಿತದ ಪಿ, ಆರ್, ಟಿ ಎಂಬ ಉಬ್ಬುಗಳೆಲ್ಲವೂ ತಂತಮ್ಮ ಜಾಗದಲ್ಲೇ ಕೂತಿದ್ದವು. ಹೋಲಿಸಲು 50 ಹರ್ಟ್ಸಿನ ಆಸುಪಾಸನ್ನು ಮಾತ್ರ ತಡೆಯುವ ಕಿರಿದಾದ ಐಐಆರ್ ನಾಚ್ ಫಿಲ್ಟರನ್ನೂ ಓಡಿಸಿದೆ. ಪ್ರತಿ ಆರ್ ಶಿಖರದ ಹಿಂದೆಯೇ, ಮೂಲದಲ್ಲಿ ಇಲ್ಲದ ಒಂದು ಸಣ್ಣ ಕಂಪನ. ಆರ್ ಶಿಖರಕ್ಕೂ ಟಿ ಉಬ್ಬಿಗೂ ನಡುವಿನ ಎಸ್‌ಟಿ ಭಾಗ ಇರುವುದೇ ಅಲ್ಲಿ, ವೈದ್ಯರು ಕಣ್ಣಿಟ್ಟು ನೋಡುವ ಜಾಗ ಅದು. ಎಫ್‌ಐಆರ್‌ನಲ್ಲೂ ಚೂಪಾಗಿ ಕತ್ತರಿಸಿದರೆ ಕಂಪನ ಬರುತ್ತದೆ, ಶಿಖರದ ಎರಡೂ ಬದಿಗೆ ಸಮನಾಗಿ. ಹ್ಯಾಮಿಂಗ್ ಅದನ್ನು ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ.

ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. 40 ಹರ್ಟ್ಸಿಗೆ ಕತ್ತರಿಸಿದ ಇಸಿಜಿ ಬಡಿತ ಎಣಿಸಲು ಸಾಕು, ರೋಗ ಪತ್ತೆಗೆ ಸಾಲದು. ವಯಸ್ಕರಿಗೆ ರೋಗ ಪತ್ತೆಯ ಇಸಿಜಿಯಲ್ಲಿ 150 ಹರ್ಟ್ಸಿನವರೆಗೆ ಬಿಡಬೇಕೆಂಬುದು ಒಪ್ಪಿತ ಮಾನದಂಡ. ನನ್ನ ಗ್ರಾಫನ್ನು ನಾನು ಯಾವ ವೈದ್ಯರಿಗೂ ತೋರಿಸಿಲ್ಲ.

ಉಸಿರಾಡುವಾಗ ಗೆರೆ ಇಡಿಯಾಗಿ ಮೇಲೆ ಕೆಳಗೆ ತೇಲುವುದನ್ನು ತಡೆಯಲೂ ಎಫ್‌ಐಆರ್‌ನನ್ನೇ ಹಾಕಬೇಕೆಂದು ಕೂತೆ. ಅರ್ಧ ಹರ್ಟ್ಸಿನೊಳಗೆ ಬಾಗಿಲು ಹಾಕಬೇಕೆಂದರೆ ಹ್ಯಾಮಿಂಗ್ ಲೆಕ್ಕದಲ್ಲಿ ಸುಮಾರು 3,300 ಟ್ಯಾಪ್ ಬೇಕು. ಒಂದೊಂದು ಸ್ಯಾಂಪಲ್ಲಿಗೆ ಎರಡು ಬೈಟ್ ಎಂದರೂ 6,600 ಬೈಟ್, ಊನೋದಲ್ಲಿರುವ ರ‍್ಯಾಮ್ 2,048 ಬೈಟ್. ತಡವೂ ಮೂರು ಸೆಕೆಂಡು ದಾಟುತ್ತದೆ, ಪರದೆಯ ಮೇಲೆ ಬಡಿತ ಕಾಣುವಷ್ಟರಲ್ಲಿ ಹೃದಯ ಇನ್ನೂ ಮೂರು ನಾಲ್ಕು ಸಲ ಬಡಿದಿರುತ್ತದೆ. ಆ ಕೆಲಸವನ್ನು ಒಂದೇ ಗುಣಾಂಕದ ಸಣ್ಣ ಐಐಆರ್‌ಗೆ ಒಪ್ಪಿಸಿ, 50 ಹರ್ಟ್ಸಿನ ಕಾವಲನ್ನು ಮಾತ್ರ 101 ಟ್ಯಾಪಿಗೆ ಬಿಟ್ಟೆ. ಅವತ್ತು ಸಂಜೆ ರೂಮಿನ ಟ್ಯೂಬ್‌ಲೈಟನ್ನು ಹಾಕಿ, ಆರಿಸಿ, ಮತ್ತೆ ಹಾಕಿ ನೋಡಿದೆ. ಗೆರೆ ಅಲುಗಲಿಲ್ಲ.