ಇಂಟರ್ನ್‌ಶಿಪ್‌ನ ಮೊದಲ ವಾರಗಳು: ಮಾರ್ಗದರ್ಶಿ ಶಿಕ್ಷಕರಿಂದ ಏನು ಕೇಳಬೇಕು, ಯಾವಾಗ ಕೇಳಬೇಕು

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮದಂತೆ ಎರಡು ವರ್ಷದ ಬಿ.ಇಡಿಯಲ್ಲಿ ಶಾಲೆಯ ಕೆಲಸಕ್ಕೆ ಒಟ್ಟು 20 ವಾರ ಮೀಸಲು: ಮೊದಲ ವರ್ಷ 4, ಎರಡನೇ ವರ್ಷ 16. ಆ 16ರಲ್ಲಿ ಆರಂಭದ ಒಂದು ವಾರ ತರಗತಿ ವೀಕ್ಷಣೆಗೆ. ಈ ವಾರವನ್ನು ಹಿಂದಿನ ಬೆಂಚಿನಲ್ಲಿ ಕೂತು ಪಾಠಯೋಜನೆ ಬರೆಯುತ್ತ ಕಳೆಯುವವರೇ ಜಾಸ್ತಿ. ಅಲ್ಲಿ ಕಳೆದುಕೊಂಡದ್ದು ಏನೆಂದು ಎರಡನೇ ವಾರ ಪಾಠಕ್ಕೆ ನಿಂತಾಗ ಗೊತ್ತಾಗುತ್ತದೆ.

ವೀಕ್ಷಣೆಗೆ ಒಂದು ಬೇರೆ ನೋಟ್‌ಬುಕ್ ಇಡಿ. ಮೊದಲ ಪುಟದಲ್ಲಿ ತರಗತಿಯ ನಕ್ಷೆ ಬರೆಯಿರಿ: ಯಾವ ಸಾಲು, ಯಾವ ಜಾಗ, ಯಾವ ಮಗು. ಹೆಸರಿನ ಕೆಳಗೆ ಮನೆಮಾತು ಬರೆಯಿರಿ. ಬಳ್ಳಾರಿ, ಸಿರುಗುಪ್ಪ, ಸಿಂಧನೂರು ಕಡೆ ಮನೆಯಲ್ಲಿ ತೆಲುಗು ಆಡುವ ಮಕ್ಕಳು ಬಹಳ. ತಾಂಡಾಗಳಿಂದ ಬರುವವರದು ಲಂಬಾಣಿ, ಊರೊಳಗಿನ ಕೆಲವರದು ಉರ್ದು. ಸುಮ್ಮನೆ ಕೂತ ಮಗುವಿಗೆ ವಿಷಯ ಗೊತ್ತಿಲ್ಲವೋ, ಗೊತ್ತಿದ್ದೂ ಕನ್ನಡದಲ್ಲಿ ಹೇಳಲು ಮಾತು ಸಿಗುತ್ತಿಲ್ಲವೋ ಎಂಬುದು ಬೇರೆ ಬೇರೆ ಸಂಗತಿ. ಅದು ಮಾರ್ಗದರ್ಶಿ ಶಿಕ್ಷಕರಿಗೆ, ಅಂದರೆ ನಿಮಗೆ ದಾರಿ ತೋರಿಸುವ ಆ ಶಾಲೆಯ ಗುರುಗಳಿಗೆ, ಗೊತ್ತಿರುತ್ತದೆ, ನೀವು ಕೇಳಬೇಕು ಅಷ್ಟೆ.

ಪಾಠ ನಡೆಯುವಾಗ ಮೂರನ್ನೇ ಗಮನಿಸಿ. ಮೊದಲ ಮೂರು ನಿಮಿಷದಲ್ಲಿ ಗುರುಗಳು ಮಕ್ಕಳನ್ನು ಹೇಗೆ ಪಾಠಕ್ಕೆ ತರುತ್ತಾರೆ, ಪ್ರಶ್ನೆ ಯಾರಿಗೆ ಹೋಗುತ್ತದೆ, ತಪ್ಪು ಉತ್ತರ ಬಂದಾಗ ಅವರು ಮುಂದೆ ಏನು ಮಾಡುತ್ತಾರೆ. ಮೂರನೆಯದು ಎಲ್ಲಕ್ಕಿಂತ ಬೆಲೆಯುಳ್ಳದ್ದು. ಹತ್ತಾರು ವರ್ಷ ಅದೇ ಘಟಕ ಕಲಿಸಿದವರಿಗೆ ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದು ಬಾಯಿಪಾಠ. ಆದರೆ ಅದು ಅವರಿಗೆ ಎಷ್ಟು ಸಹಜವಾಗಿರುತ್ತದೆ ಎಂದರೆ ತಾವಾಗಿ ಹೇಳುವುದಿಲ್ಲ.

ಹಾಗಾಗಿ ಪಾಠ ಮುಗಿದ ಮೇಲೆ ಸಲಹೆ ಕೇಳುವುದಕ್ಕಿಂತ ಪಾಠಕ್ಕೆ ಮೊದಲು ಕೇಳುವುದರಿಂದ ಲಾಭ ಹೆಚ್ಚು. ಪಾಠಯೋಜನೆಯನ್ನು ಎರಡು ದಿನ ಮುಂಚೆ ತೋರಿಸಿ. ಅವತ್ತು ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಕೊಟ್ಟರೆ ಸಹಿ ಸಿಗುತ್ತದೆ, ಸಲಹೆ ಸಿಗುವುದಿಲ್ಲ. ಗುರುಗಳಿಗೆ ಹಾಜರಿ, ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ, ಸ್ಯಾಟ್ಸ್ (ಮಕ್ಕಳ ಮಾಹಿತಿ ತುಂಬುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ಎಂಟ್ರಿ ಎಲ್ಲ ಇರುತ್ತದೆ. ವೇಳಾಪಟ್ಟಿ ನೋಡಿ ಅವರ ಖಾಲಿ ಅವಧಿ ಗುರುತು ಮಾಡಿಕೊಳ್ಳಿ. "ಸರ್, ನಾಳೆ ಮೂರನೇ ಪಿರಿಯಡ್‌ನಾಗ ಹತ್ತು ನಿಮಿಷ ಕೊಡ್ತೀರೇನ್ರಿ?" ಎಂದು ಹಿಂದಿನ ದಿನವೇ ಕೇಳಿದರೆ ಇಲ್ಲ ಎನ್ನುವವರು ಕಡಿಮೆ. ಆ ಹತ್ತು ನಿಮಿಷದಲ್ಲಿ ಕೇಳಬೇಕಾದ ಪ್ರಶ್ನೆ: "ಈ ಪಾಠದಾಗ ಹುಡುಗ್ರು ಯಾವ ತಪ್ಪು ಮಾಡ್ತಾರ್ರಿ?"

ಭಿನ್ನರಾಶಿ ಸಂಕಲನ ಇದೆ ಎಂದುಕೊಳ್ಳಿ. 1/2 + 1/3 ಕೊಟ್ಟರೆ ಮೇಲಿನದು ಮೇಲೆ, ಕೆಳಗಿನದು ಕೆಳಗೆ ಕೂಡಿಸಿ 2/5 ಎಂದು ಬರೆಯುವವರು ಇದ್ದೇ ಇರುತ್ತಾರೆ. ಇದು ಮೊದಲೇ ಗೊತ್ತಾದರೆ ಪಾಠಯೋಜನೆಯಲ್ಲಿ ಐದು ನಿಮಿಷ ಅದಕ್ಕೇ ಇಡಬಹುದು. 30 ಸೆಂ.ಮೀ. ಉದ್ದದ ಕಾಗದದ ಪಟ್ಟಿಗಳನ್ನು ಕತ್ತರಿಸಿ ಗುಂಪಿಗೊಂದು ಕೊಡಿ. ಅರ್ಧ ಅಂದರೆ 15 ಸೆಂ.ಮೀ., ಮೂರನೇ ಒಂದು ಅಂದರೆ 10, ಎರಡೂ ಸೇರಿ 25. 2/5 ಅಂದರೆ 12 ಸೆಂ.ಮೀ. ಮಾತ್ರ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೂ ಅರ್ಧಕ್ಕಿಂತ ಕಡಿಮೆ ಹೇಗಾಯಿತು ಎಂದು ಮಕ್ಕಳೇ ಕೇಳುತ್ತಾರೆ. ಸಮಚ್ಛೇದ ಏಕೆ ಬೇಕು ಎಂಬುದು ಅಲ್ಲಿಂದ ಶುರುವಾಗಲಿ. ನಿಯಮ ಮೊದಲು ಹೇಳಿ ಪಟ್ಟಿ ಆಮೇಲೆ ತೋರಿಸಿದರೆ ಪಟ್ಟಿ ಬರೀ ಆಟವಾಗುತ್ತದೆ.

ಪಾಠವನ್ನು ಐದು ಹಂತಗಳಾಗಿ ಹಂಚುವ 5ಇ ಮಾದರಿಯ ಯೋಜನೆ ಕೆಡುವುದು ಸಮಯದಲ್ಲಿ. 40 ನಿಮಿಷದ ಅವಧಿಯಲ್ಲಿ ಹಾಜರಿ, ಕೂರಿಸುವುದಕ್ಕೆ 4 ನಿಮಿಷ ಹೋಗುತ್ತದೆ. ಉಳಿದದ್ದರಲ್ಲಿ ತೊಡಗಿಸುವಿಕೆಗೆ 5, ಪರಿಶೋಧನೆಗೆ 10, ವಿವರಣೆಗೆ 10, ವಿಸ್ತರಣೆಗೆ 5, ಮೌಲ್ಯಮಾಪನಕ್ಕೆ 6 ಇಡಿ. ಹೊಸಬರ ಪಾಠದಲ್ಲಿ ಹಾಡು, ಒಗಟು, ಚಿತ್ರ ಅಂತ ಮೊದಲ ಹಂತವೇ ಕಾಲು ಗಂಟೆ ನುಂಗಿ, ಮೌಲ್ಯಮಾಪನ ಮನೆಗೆಲಸವಾಗಿ ಹೋಗುತ್ತದೆ. ಮೌಲ್ಯಮಾಪನದ ಎರಡು ಪ್ರಶ್ನೆಗಳನ್ನು ಎಲ್ಲಕ್ಕಿಂತ ಮೊದಲು ಬರೆಯಿರಿ, ಅಂಚಿನಲ್ಲಿ ಗಡಿಯಾರದ ಹೊತ್ತು ಬರೆಯಿರಿ: 11.20, 11.25 ಹೀಗೆ. ಕೊನೆಯ ಹತ್ತು ನಿಮಿಷ ಉಳಿದಾಗ ಕೈಯೆತ್ತಿ ಸನ್ನೆ ಮಾಡಲು ಗುರುಗಳಿಗೆ ಹೇಳಿಡಿ.

ಎರಡನೇ ವಾರದಲ್ಲೇ ಇಡೀ ಅವಧಿ ಬೇಡ. ಗುರುಗಳ ಪಾಠದಲ್ಲೇ ಹತ್ತು ನಿಮಿಷದ ಒಂದು ಭಾಗ ತೆಗೆದುಕೊಳ್ಳಿ, ಗುಂಪು ಚಟುವಟಿಕೆಯಾದರೆ ಒಳ್ಳೆಯದು. ಮೂರ್ನಾಲ್ಕು ಸಲ ಹಾಗೆ ಮಾಡಿದ ಮೇಲೆ ಪೂರ್ತಿ ಪಾಠ. ಸಿಬ್ಬಂದಿ ಕಡಿಮೆಯಿರುವ ಶಾಲೆಗಳಲ್ಲಿ "ನೀವ ಕ್ಲಾಸ್ ತಗೋರಿ, ನಾ ಆಫೀಸ್‌ನಾಗ ಇರ್ತೀನಿ" ಎಂಬ ಮಾತು ಮೊದಲ ದಿನವೇ ಬರಬಹುದು. ಅದು ನಿಮ್ಮ ಮೇಲಿನ ನಂಬಿಕೆಯೂ ಹೌದು, ಆದರೆ ನೋಡುವವರಿಲ್ಲದ ಪಾಠದಿಂದ ನೀವು ಕಲಿಯುವುದು ಕಡಿಮೆ. ವಾರಕ್ಕೆ ಎರಡು ಪಾಠವಾದರೂ ಪೂರ್ತಿ ಕೂತು ನೋಡುವಂತೆ ವಿನಯದಿಂದ ಕೇಳಿಕೊಳ್ಳಿ. ಅದೂ ಆಗದಿದ್ದರೆ ಕಾಲೇಜಿನ ಮೇಲ್ವಿಚಾರಕ ಉಪನ್ಯಾಸಕರಿಗೆ ತಿಳಿಸಿ, ತಿಂಗಳು ಕಾಯಬೇಡಿ.

"ಪಾಠ ಹೆಂಗಿತ್ರಿ?" ಎಂದು ಕೇಳಿದರೆ "ಚಲೋ ಇತ್ತು" ಎಂಬ ಉತ್ತರ ಬರುತ್ತದೆ, ಅದರಿಂದ ಉಪಯೋಗವಿಲ್ಲ. ತರಗತಿಯ ನಕ್ಷೆಯ ಒಂದು ಪ್ರತಿಯನ್ನು ಗುರುಗಳ ಕೈಗೆ ಕೊಟ್ಟು, ನೀವು ಪ್ರಶ್ನೆ ಕೇಳಿದ ಪ್ರತಿ ಮಗುವಿನ ಹೆಸರಿನ ಮುಂದೆ ಚುಕ್ಕೆ ಇಡಲು ಹೇಳಿ. ಚುಕ್ಕೆಗಳು ಮುಂದಿನ ಎರಡು ಸಾಲಿನಲ್ಲೇ ಗುಂಪಾಗಿದ್ದರೆ ಮರುದಿನ ಏನು ಬದಲಾಗಬೇಕು ಎಂದು ಯಾರೂ ಹೇಳಬೇಕಾಗಿಲ್ಲ. ಇನ್ನೊಂದು ಪಾಠದಲ್ಲಿ, ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡ್ ಕಾಯುತ್ತೀರಿ ಎಂದು ಎಣಿಸಲು ಹೇಳಿ. ಕಡೇಪಕ್ಷ 3 ಸೆಕೆಂಡ್ ಇರಲಿ. ಮನೆಮಾತು ಬೇರೆಯಿರುವ ಮಗುವಿಗೆ ಅದೂ ಸಾಲದು. "ತಿಳೀತಾ?" ಎಂಬ ಪ್ರಶ್ನೆಯನ್ನು ಬಿಟ್ಟುಬಿಡಿ. ಇಡೀ ತರಗತಿ "ಹೂನ್ರೀ ಸರ್" ಎನ್ನುತ್ತದೆ, ತಿಳಿಯದವರೂ ಅದರೊಳಗೆ ಸೇರಿರುತ್ತಾರೆ.

ಹಲಗೆಯ ಮೇಲೆ ತಪ್ಪು ಬರೆದರೆ ಗುರುಗಳು ಮಕ್ಕಳೆದುರು ತಿದ್ದಬೇಕೇ ಎಂಬುದನ್ನೂ ಮುಂಚೆಯೇ ಮಾತಾಡಿಕೊಳ್ಳಿ. ಅವರು ಸನ್ನೆ ಮಾಡುವುದು, ನೀವೇ ಅದೇ ಅವಧಿಯಲ್ಲಿ ತಿದ್ದುವುದು ಒಳ್ಳೆಯ ಕ್ರಮ. ನಾಳೆಗೆ ಬಿಟ್ಟರೆ ಅಷ್ಟರಲ್ಲಿ ತಪ್ಪು ನೋಟ್‌ಬುಕ್ಕಿಗೆ ಇಳಿದಿರುತ್ತದೆ. ನಿಮ್ಮ ಪಾಠದ ಹೊತ್ತಿಗೇ ಒಮ್ಮೆ ಕೊನೆಯ ಬೆಂಚಿನಲ್ಲಿ ಕೂತು ಹಲಗೆ ನೋಡಿ. ನಮ್ಮ ಕಡೆಯ ಬಿಸಿಲಿಗೆ ಕಿಟಕಿಯ ಪಕ್ಕದ ಭಾಗ ಹೊಳೆದು ಅಕ್ಷರ ಕಾಣುವುದಿಲ್ಲ. ಅಲ್ಲಿ ಮುಖ್ಯವಾದದ್ದೇನೂ ಬರೆಯಬೇಡಿ.

ಶಿಕ್ಷೆಯ ವಿಷಯದಲ್ಲಿ ಅನುಮಾನ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮೇಜಿನ ಮೇಲೆ ಕೋಲಿದ್ದರೂ ನೀವು ಮುಟ್ಟಬೇಡಿ. ಗದ್ದಲವಾದರೆ ಮಾತು ನಿಲ್ಲಿಸಿ, ಗದ್ದಲದ ಬೆಂಚಿನ ಹತ್ತಿರ ಹೋಗಿ ನಿಂತು, ಎರಡು ನಿಮಿಷದ ಬರೆಯುವ ಕೆಲಸ ಕೊಡಿ.

ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಸುಗ್ಗಿಯಲ್ಲಿ ಹಾಜರಿ ಇಳಿಯುತ್ತದೆ. ಕೆಲವು ಮಕ್ಕಳು ಅಪ್ಪ ಅವ್ವನ ಜೊತೆ ಗುಳೆ ಹೋಗಿರುತ್ತಾರೆ. ತಿರುಗಿ ಬಂದ ಮಗುವನ್ನು ಎಲ್ಲರೆದುರು "ಯಾಕ ಬಂದಿಲ್ಲ?" ಎಂದು ಕೇಳಬೇಡಿ. ಗುರುಗಳನ್ನು ಕೇಳಿ ಕಾರಣ ತಿಳಿದುಕೊಳ್ಳಿ. ತಪ್ಪಿದ ಪಾಠಗಳಲ್ಲಿ ಮುಂದಿನದಕ್ಕೆ ಬೇಕೇಬೇಕಾದ ಒಂದೆರಡು ಅಂಶ ಆರಿಸಿ, ಬಿಸಿಯೂಟದ ನಂತರದ ಬಿಡುವಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡಿ.

ವೀಕ್ಷಣಾ ಹಾಳೆ, ಪಾಠಯೋಜನೆಗಳಿಗೆ ಪ್ರತಿ ಶನಿವಾರ ಸಹಿ ಮಾಡಿಸಿಕೊಳ್ಳಿ. ಕೊನೆಯ ವಾರಕ್ಕೆ ಗುಡ್ಡೆ ಹಾಕಿದರೆ ಗುರುಗಳು ಓದದೆ ಸಹಿ ಹಾಕುತ್ತಾರೆ, ಅವರು ಬರೆಯಬಹುದಾಗಿದ್ದ ಟಿಪ್ಪಣಿ ನಿಮಗೆ ಸಿಗುವುದಿಲ್ಲ.