ಕ್ವಾರ್ಟರ್‌ಬ್ಯಾಕ್ ಯಾರಾಗಬೇಕು? ಡ್ರಾಫ್ಟ್ ವಾದಕ್ಕೆ ಕೂರುವ ಮುನ್ನ

ಏಪ್ರಿಲ್ ಬಂತೆಂದರೆ ನಮ್ಮ ಶಾರ್ಲಟ್‌ನಲ್ಲಿ ಕಾರಿನ ಮೇಲೆಲ್ಲ ಪೈನ್ ಮರದ ಹಳದಿ ಪುಡಿ, ಆಫೀಸಿನ ಕಾಫಿ ಮಶೀನಿನ ಮುಂದೆಲ್ಲ ಎನ್‌ಎಫ್‌ಎಲ್ ಡ್ರಾಫ್ಟಿನ ಮಾತು. ಎನ್‌ಎಫ್‌ಎಲ್ ಅಂದರೆ ಇಲ್ಲಿನ ಅಮೆರಿಕನ್ ಫುಟ್‌ಬಾಲ್ ಲೀಗ್; ಅದರ ತಂಡಗಳು ಕಾಲೇಜಿನ ಹುಡುಗರನ್ನು ಆರಿಸಿಕೊಳ್ಳುವುದೇ ಡ್ರಾಫ್ಟ್. ವಾದವೆಲ್ಲ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಯಾರಾಗಬೇಕು ಅನ್ನುವುದರ ಮೇಲೆ. ನಮ್ಮವರು ಹೊಸದಾಗಿ ಬಂದವರು ಈ ಮಾತು ಶುರುವಾದ ಕೂಡಲೇ ಮೊಬೈಲ್ ತೆಗೆದು ಪಕ್ಕಕ್ಕೆ ಸರಿಯುತ್ತಾರೆ. ಸರಿಯಬೇಡಿ. ಈ ವಾದ ಮಾಡಲು ಫುಟ್‌ಬಾಲ್ ಆಡಿರಬೇಕು ಅಂತೇನಿಲ್ಲ. ನಾನು ಭದ್ರಾವತಿಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವನು. ಈಗ ನನ್ನ ಮಾತಿಗೂ ನಾಲ್ಕು ಜನ ನಿಂತು ಕಿವಿಗೊಡುತ್ತಾರೆ.

ಮೊದಲು ಡ್ರಾಫ್ಟ್ ಹೇಗೆ ನಡೆಯುತ್ತದೆ ತಿಳಿದುಕೊಳ್ಳಿ. ಐಪಿಎಲ್ ಹರಾಜಿನಂತೆ ಇಲ್ಲಿ ದುಡ್ಡು ಕೂಗುವುದಿಲ್ಲ. ಸರದಿ ಪ್ರಕಾರ ಆರಿಸುತ್ತಾರೆ, ಒಂದೊಂದು ಸರದಿಗೂ ಪಿಕ್ ಅನ್ನುತ್ತಾರೆ. 32 ತಂಡ, ಏಳು ಸುತ್ತು. ಹೋದ ಸೀಸನ್ನಿನಲ್ಲಿ ಎಲ್ಲರಿಗಿಂತ ಕೆಟ್ಟದಾಗಿ ಆಡಿದವರಿಗೆ ಮೊದಲ ಸರದಿ. ಆ ಸರದಿಯನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟು ಬದಲಿಗೆ ಏನಾದರೂ ಪಡೆಯಬಹುದು. ಒಟ್ಟಿನಲ್ಲಿ, ಕಾಲೇಜಿನ ದೊಡ್ಡ ಕ್ವಾರ್ಟರ್‌ಬ್ಯಾಕ್ ಹೋಗಿ ಸೇರುವುದು ಸಾಮಾನ್ಯವಾಗಿ ಸೋತು ಸುಣ್ಣವಾದ ತಂಡಕ್ಕೆ.

ಇಷ್ಟು ತಲೆಯಲ್ಲಿದ್ದರೆ ನಿಮ್ಮ ಪ್ರಶ್ನೆಯೇ ಬದಲಾಗುತ್ತದೆ. ಉಳಿದವರು "ಇಬ್ಬರಲ್ಲಿ ಯಾರು ಚೆನ್ನಾಗಿ ಆಡ್ತಾನೆ?" ಅಂತ ಕಿತ್ತಾಡಲಿ. ನೀವು "ಈ ತಂಡದಲ್ಲಿ ಯಾರು ಬಚಾವಾಗ್ತಾನೆ?" ಅಂತ ಕೇಳಿ.

2023ರ ಕಥೆಯನ್ನೇ ತಗೊಳ್ಳಿ. ನಮ್ಮ ಕ್ಯಾರೊಲೈನಾ ಪ್ಯಾಂಥರ್ಸ್ ಒಂಬತ್ತನೇ ಸರದಿಯಿಂದ ಒಂದನೇ ಸರದಿಗೆ ಹೋಗಲು ಶಿಕಾಗೊ ಬೇರ್ಸ್‌ಗೆ ಕೊಟ್ಟದ್ದು ಇಷ್ಟು: ಆ ವರ್ಷದ 9 ಮತ್ತು 61ನೇ ಪಿಕ್, 2024ರ ಮೊದಲ ಸುತ್ತಿನ ಪಿಕ್, 2025ರ ಎರಡನೇ ಸುತ್ತಿನ ಪಿಕ್, ಜೊತೆಗೆ ಡಿ.ಜೆ. ಮೂರ್. ಮೂರ್ ಅಂದರೆ ಆಗ ತಂಡದಲ್ಲಿದ್ದ ಒಳ್ಳೆಯ ರಿಸೀವರ್. ಚೆಂಡು ಎಸೆಯುವವನನ್ನು ತರಲು ಹಿಡಿಯುವವನನ್ನೇ ಕೊಟ್ಟರು! ತಂದದ್ದು ಅಲಬಾಮಾದ ಬ್ರೈಸ್ ಯಂಗ್. ಮರುಕ್ಷಣವೇ ಎರಡನೇ ಸರದಿಯ ಹ್ಯೂಸ್ಟನ್ ಟೆಕ್ಸನ್ಸ್ ಓಹಾಯೋ ಸ್ಟೇಟ್‌ನ ಸಿ.ಜೆ. ಸ್ಟ್ರೌಡ್‌ನನ್ನು ಎತ್ತಿಕೊಂಡರು.

ಆಮೇಲೆ ಆಗಿದ್ದು ಎಲ್ಲರಿಗೂ ಗೊತ್ತು. ಮೊದಲ ಸೀಸನ್ನಿನಲ್ಲಿ ಸ್ಟ್ರೌಡ್ 4,108 ಗಜ ಎಸೆದ, 23 ಟಚ್‌ಡೌನ್ (ಗೋಲಿನ ಹಾಗೆ ಅನ್ನಿ) ಕೊಟ್ಟ, ಎದುರಾಳಿಯ ಕೈಗೆ ಹೋದದ್ದು ಬರೀ 5. ಯಂಗ್‌ನನ್ನು ಚೆಂಡು ಕೈಯಲ್ಲಿರುವಾಗಲೇ 62 ಸಲ ಕೆಡವಿದರು. ಪ್ಯಾಂಥರ್ಸ್ 17 ಪಂದ್ಯದಲ್ಲಿ ಗೆದ್ದದ್ದು ಎರಡು. ಕೋಚ್ ಫ್ರ್ಯಾಂಕ್ ರೈಕ್ ಅವರನ್ನು 11 ಪಂದ್ಯಕ್ಕೇ ಮನೆಗೆ ಕಳಿಸಿದರು. ಅಷ್ಟು ಸೋತದ್ದರಿಂದ ನಾವು ಕೊಟ್ಟಿದ್ದ 2024ರ ಪಿಕ್ ಒಂದನೇ ನಂಬರ್ ಆಗಿ ಕೂತಿತು. ಶಿಕಾಗೊದವರು ಅದರಲ್ಲಿ ಕೇಲೆಬ್ ವಿಲಿಯಮ್ಸ್‌ನನ್ನು ತಗೊಂಡರು. ಹೊಟ್ಟೆ ಉರಿಯದೇ ಇರುತ್ತಾ?

ನನ್ನ ಅಕ್ಕನ ಮನೆ ಹ್ಯೂಸ್ಟನ್‌ನಲ್ಲಿ. ಆ ವರ್ಷ ಭಾನುವಾರ ಸಂಜೆಯಾದರೆ ಸಾಕು, ಭಾವನ ಫೋನ್. "ಏನೋ ಮಾರಾಯ, ನಿಮ್ಮ ಹುಡುಗ ಎದ್ದನಾ, ಇನ್ನೂ ಬಿದ್ದೇ ಇದ್ದಾನಾ?"

"ಭಾವ, ಡೇವಿಡ್ ಕಾರ್ ಹೆಸರು ಕೇಳಿದ್ದೀರಾ?" ಅಂತ ನಾನು ಕೇಳುತ್ತಿದ್ದೆ. ಅವರು ತಕ್ಷಣ ಅಕ್ಕನ ಕೈಗೆ ಫೋನ್ ಕೊಡುತ್ತಿದ್ದರು. ಕಾರ್ ಅವರ ಊರಿನ ತಂಡದವನೇ. 2002ರಲ್ಲಿ ಟೆಕ್ಸನ್ಸ್ ಹೊಸ ತಂಡ. ಮೊದಲ ಪಿಕ್ ಆಗಿ ಬಂದ ಕಾರ್ ಆ ಒಂದೇ ಸೀಸನ್ನಿನಲ್ಲಿ 76 ಸಲ ನೆಲ ಕಚ್ಚಿದ. ಅವನ ಮುಂದೆ ನಿಂತು ಕಾಯುವ ಲೈನ್ ಅನ್ನುವುದೇ ಇರಲಿಲ್ಲ ಅನ್ನಬೇಕು. ಆದ್ದರಿಂದ ವಾದಕ್ಕೆ ಮೊದಲು ನಿಮ್ಮ ತಂಡದ ಲೈನಿನ ಐದು ಜನ ಯಾರು, ಒಳ್ಳೆಯ ರಿಸೀವರ್ ಇದ್ದಾನಾ, ಕೋಚ್ ಮುಂದಿನ ವರ್ಷವೂ ಇರುತ್ತಾರಾ ನೋಡಿಕೊಳ್ಳಿ. ಈ ಮೂರಕ್ಕೂ "ಇಲ್ಲ" ಅಂತ ಬಂದರೆ, ಸರದಿಯನ್ನು ಬೇರೆಯವರಿಗೆ ಬಿಟ್ಟುಕೊಡಿ ಅನ್ನುವುದೇ ನಿಮ್ಮ ವಾದವಾಗಲಿ.

ಇನ್ನು ಹುಡುಗನನ್ನು ನೋಡುವುದು. ಹೈಲೈಟ್ಸ್ ನೋಡಬೇಡಿ, ಅದರಲ್ಲಿ ಎಲ್ಲರೂ ಹೀರೋಗಳೇ. ಪೂರ್ತಿ ಪಂದ್ಯ ಹಾಕಿ, ಮೂರನೇ ಡೌನ್ ಬಂದಾಗ ಮಾತ್ರ ಗಮನ ಕೊಡಿ. ನಾಲ್ಕು ಯತ್ನದಲ್ಲಿ ಹತ್ತು ಗಜ ಹೋಗಬೇಕು. ಮೂರನೆಯದಕ್ಕೆ ಇನ್ನೂ ಎಂಟು ಗಜ ಬಾಕಿ ಅಂದರೆ ಎಸೆಯದೆ ವಿಧಿಯಿಲ್ಲ, ಅದು ಎದುರಾಳಿಗೂ ಗೊತ್ತು. ಅಲ್ಲಿ ವಿಡಿಯೊ ನಿಲ್ಲಿಸಿ. ಚೆಂಡು ಕೈಗೆ ಬರುವ ಮುನ್ನ ಅವನು ದೂರದಲ್ಲಿ ನಿಂತ ಸೇಫ್ಟಿಗಳನ್ನು, ಅಂದರೆ ಎದುರಾಳಿಯ ಕೊನೆಯ ಕಾವಲುಗಾರರನ್ನು, ಒಮ್ಮೆ ನೋಡಿದನಾ? ಈಗ ನಿಧಾನಕ್ಕೆ ಓಡಿಸಿ. ಚೆಂಡನ್ನು ಬಿಟ್ಟು ಅವನ ಕಾಲು ನೋಡಿ. ಮೊದಲ ರಿಸೀವರ್‌ಗೆ ದಾರಿ ಇಲ್ಲ. ಆಗ ಕಾಲು, ಹೆಗಲು ಎರಡೂ ಒಟ್ಟಿಗೆ ಎರಡನೆಯವನ ಕಡೆ ತಿರುಗಿದರೆ ಹುಡುಗ ತಲೆ ಓಡಿಸುತ್ತಿದ್ದಾನೆ ಅಂತ ಅರ್ಥ. ಕಣ್ಣು ಮೈಮೇಲೆ ಬರುತ್ತಿರುವ ಎದುರಾಳಿ ದಾಂಡಿಗನ ಕಡೆಗೆ ಇಳಿಯಿತೋ, ಗುರುತು ಹಾಕಿಕೊಳ್ಳಿ. ಎನ್‌ಎಫ್‌ಎಲ್‌ನಲ್ಲಿ ಆ ದಾಂಡಿಗರು ಇನ್ನೂ ಬೇಗ ಬರುತ್ತಾರೆ.

ಆರಿಸಿಕೊಳ್ಳುವ ಪಂದ್ಯವೂ ಮುಖ್ಯ. ಬಲವಾದ ಎದುರಾಳಿ ಇರಬೇಕು. ಸ್ಟ್ರೌಡ್ ನಿಂತಲ್ಲೇ ನಿಂತು ಎಸೆಯುವವನು, ಗಲಾಟೆಯಾದರೆ ಆಗಲ್ಲ ಅಂತ ಜನ ಅನ್ನುತ್ತಿದ್ದರು. 2022ರ ಡಿಸೆಂಬರ್ 31ರ ಕಾಲೇಜು ಪಂದ್ಯ ಪೀಚ್ ಬೌಲ್‌ನಲ್ಲಿ ಜಾರ್ಜಿಯಾ ಎದುರು ಅವನು ಜಾಗ ಬಿಟ್ಟು ಓಡಿ ಓಡಿ ಎಸೆದ. 348 ಗಜ, ನಾಲ್ಕು ಟಚ್‌ಡೌನ್. ಓಹಾಯೋ ಸ್ಟೇಟ್ 42-41ರಲ್ಲಿ ಸೋತಿತು. ಸೋತ ಪಂದ್ಯ ಅಂತ ಬಿಟ್ಟವರಿಗೆ ಅವನ ಬಗ್ಗೆ ಏನೂ ತಿಳಿಯಲಿಲ್ಲ.

ಅಳತೆಗಳ ಮೇಲೆ ಜಾಸ್ತಿ ಸಮಯ ಕಳೆಯಬೇಡಿ. ಅಂಗೈ ಒಂಬತ್ತೇ ಇಂಚು ಅಂತ ಜೋ ಬರೋನನ್ನು ಗೇಲಿ ಮಾಡಿದರು. 2020ರ ಮೊದಲ ಪಿಕ್ ಅವನು, ಎರಡನೇ ಸೀಸನ್ನಿಗೇ ಸಿನ್ಸಿನಾಟಿಯನ್ನು ಲೀಗಿನ ಫೈನಲ್ ಆದ ಸೂಪರ್ ಬೌಲ್‌ಗೆ ಮುಟ್ಟಿಸಿದ. ನಾನು ನಂಬುವ ಅಂಕಿ ಒಂದೇ, ಕಾಲೇಜಿನಲ್ಲಿ ಎಷ್ಟು ಪಂದ್ಯ ಶುರುವಿನಿಂದ ಆಡಿದ್ದಾನೆ ಅನ್ನುವುದು. 2017ರಲ್ಲಿ ಬೇರ್ಸ್ ಒಂದು ಸರದಿ ಮೇಲೆ ಹತ್ತಿ ಮಿಚ್ ಟ್ರುಬಿಸ್ಕಿಯನ್ನು ತಗೊಂಡಾಗ ಅವನು ಆಡಿದ್ದು ಬರೀ 13. ಮುಂದೆ ಸೂಪರ್ ಬೌಲ್ ಗೆದ್ದ ಪ್ಯಾಟ್ರಿಕ್ ಮಹೋಮ್ಸ್ ಇನ್ನೂ ಹತ್ತನೇ ಪಿಕ್‌ವರೆಗೆ ಕಾದು ಕೂತಿದ್ದ. 2023ರ ನಾಲ್ಕನೇ ಪಿಕ್ ಆ್ಯಂಟನಿ ರಿಚರ್ಡ್‌ಸನ್‌ನದೂ 13ರ ಲೆಕ್ಕವೇ.

ದುಡ್ಡಿನ ಮಾತೂ ಬರುತ್ತದೆ. 2010ರ ಮೊದಲ ಪಿಕ್ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಆರು ವರ್ಷಕ್ಕೆ 78 ಮಿಲಿಯನ್ ಡಾಲರ್ ಒಪ್ಪಂದ. ಮರುವರ್ಷ ಹೊಸಬರ ಸಂಬಳದ ನಿಯಮ ಬದಲಾಯಿತು, ಮೊದಲ ಪಿಕ್ ಆದ ನಮ್ಮ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸಿಕ್ಕಿದ್ದು ಸುಮಾರು 22. ಕ್ವಾರ್ಟರ್‌ಬ್ಯಾಕ್ ಅಗ್ಗಕ್ಕೆ ಸಿಕ್ಕರೆ ಉಳಿದ ದುಡ್ಡಲ್ಲಿ ಲೈನ್ ಕಟ್ಟಬಹುದು. ಅದಕ್ಕೇ ಇಷ್ಟು ನೂಕುನುಗ್ಗಲು.

ಎದುರಿಗೆ ಕೂತವರ ಬಗ್ಗೆ ಎರಡು ಮಾತು. ಅವರ ಡಿಗ್ರಿ ಯಾವ ಕಾಲೇಜಿನದು ಅಂತ ಮೊದಲೇ ಕೇಳಿ. ಅಲಬಾಮಾದಲ್ಲಿ ಓದಿದವನ ಬಾಯಲ್ಲಿ ಅಲಬಾಮಾದ ಹುಡುಗನ ತಪ್ಪು ಬರುವುದಿಲ್ಲ. ಮತ್ತೆ, ಯಾವ ಗುಂಪಿನಲ್ಲೂ ಒಬ್ಬ "ಟಾಮ್ ಬ್ರೇಡಿ 199ನೇ ಪಿಕ್, ಗೊತ್ತಾ?" ಅಂತ ಮಧ್ಯೆ ಬಂದೇ ಬರುತ್ತಾನೆ. ಅವನಿಗೆ ಸಮಾಧಾನವಾಗಿ ಹೇಳಿ: ಮುಂದೆ ಏಳು ಸೂಪರ್ ಬೌಲ್ ಗೆದ್ದ ಬ್ರೇಡಿಯನ್ನು 2000ನೇ ಇಸವಿಯಲ್ಲಿ ತಗೊಂಡ ಪೇಟ್ರಿಯಟ್ಸ್‌ನವರೇ ಐದು ಸುತ್ತು ಅವನನ್ನು ಬಿಟ್ಟಿದ್ದರು. ಗೊತ್ತಿದ್ದರೆ ಬಿಡುತ್ತಿದ್ದರಾ?

ತೀರ್ಪಿಗೆ ಅವಸರ ಬೇಡ. ಯಂಗ್‌ನನ್ನು 2024ರಲ್ಲಿ ಎರಡೇ ಪಂದ್ಯವಾದ ಮೇಲೆ ಬೆಂಚಿಗೆ ಕೂರಿಸಿದರು. ಅದೇ ಸೀಸನ್ನಿನ ಕೊನೆಯ ಪಂದ್ಯದಲ್ಲಿ ಅವನು ಅಟ್ಲಾಂಟಾ ಎದುರು ಮೂರು ಟಚ್‌ಡೌನ್ ಎಸೆದು, ಎರಡು ತಾನೇ ಓಡಿ ಹೊಡೆದು 44-38ಕ್ಕೆ ಗೆಲ್ಲಿಸಿದ. ಆವತ್ತು ಫೋನ್ ಮಾಡಿದ್ದು ನಾನು.

ಮೊದಲ ಸುತ್ತು ಗುರುವಾರ ರಾತ್ರಿ, ನಮ್ಮ ಈ ಕಡೆಯ ಸಮಯ ಎಂಟಕ್ಕೆ. ಅದಕ್ಕೆ ಮುಂಚೆಯೇ ನಿಮ್ಮ ಹುಡುಗನ ಹೆಸರು, ಯಾಕೆ ಅನ್ನುವುದಕ್ಕೆ ಒಂದೇ ಸಾಲಿನ ಕಾರಣ, ಎಷ್ಟರವರೆಗೆ ಬೆಲೆ ಕೊಡಬಹುದು ಅನ್ನುವುದನ್ನು ಬರೆದು ಎದುರಾಳಿಗೆ ವಾಟ್ಸಾಪ್ ಮಾಡಿ, ಅವರಿಂದಲೂ ಬರೆಸಿಕೊಳ್ಳಿ. ಇಲ್ಲದಿದ್ದರೆ ಮೂರು ವರ್ಷ ಬಿಟ್ಟು "ನಾನು ಆಗ್ಲೇ ಹೇಳಿರ್ಲಿಲ್ವಾ?" ಅನ್ನುತ್ತಾರೆ. ನಮ್ಮ ಭಾವ ಈಗಾಗಲೇ ಶುರು ಮಾಡಿದ್ದಾರೆ.